ಪೂರ್ವಕ್ಕೆ ಖಾಲಿ ಜಾಗ

ಈಗ ಸಂಗ್ರಹಾಲಯವಾದ ನಮ್ಮ ಹಳೆಯ ಮನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಕೊಡತಿ ಇತ್ತು. ಮೊಳದುದ್ದದ್ದು. ಬಡಿಯುವ ಕಡೆ ಚಪ್ಪಟೆ, ಹಿಡಿಕೆ ಕೈಬೆವರು ಕುಡಿದು ಕಪ್ಪಾದದ್ದು. ಕೆಳಗೆ ಬಿಳಿ ಚೀಟಿಯ ಮೇಲೆ ಅಚ್ಚುಕಟ್ಟಾಗಿ ಮುದ್ರಿಸಿ ಅಂಟಿಸಿದ್ದರು: 'ಬಟ್ಟೆ ಒಗೆಯುವ ಕೊಡತಿ. ಹತ್ತೊಂಬತ್ತನೆಯ ಶತಮಾನ. ವಾಡೆಯ ಮನೆತನದ ಕೊಡುಗೆ.' ನನ್ನ ಹಿಂದೆ ಧಾರವಾಡದಿಂದ ಬಂದ ಕಾಲೇಜು ಹುಡುಗಿಯರು ಫೋಟೋ ತೆಗೆಯಲು ಕಾಯುತ್ತ ನಿಂತಿದ್ದರು. ನಾನು ಕದಲಲಿಲ್ಲ.

ಮೂರೂ ಸುಳ್ಳು. ಆ ಕೊಡತಿ ಒಂದು ಸಲವೂ ಬಟ್ಟೆ ಮುಟ್ಟಿದ್ದಲ್ಲ, ಮಣ್ಣು ಬಡಿಯುವಂಥದ್ದು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಹಳ್ಳದ ದಂಡೆಯ ಜಾಲಿಮರ ಗಾಳಿಗೆ ಉರುಳಿತ್ತು, ಅದರ ಕೊಂಬೆಯಲ್ಲಿ ಕೆತ್ತಿದ್ದು, ನಾನೇ ನೋಡಿದ್ದೇನೆ. ಮತ್ತು ಅದು ನಮ್ಮ ಮನೆತನದ್ದಲ್ಲ, ಕೊಡುಗೆಯೂ ಅಲ್ಲ. ಒಬ್ಬರು ಅದನ್ನು ನಮ್ಮ ಮಾಳಿಗೆಯ ಮೇಲೆ ಬಿಟ್ಟು ಇಳಿದು ಹೋದವರು ತಿರುಗಿ ಬರಲಿಲ್ಲ.

ಬೈಲಹೊಂಗಲ ತಾಲೂಕಿನಲ್ಲಿ ದೊಡವಾಡದ ಬಸ್ಸು ಹಾದುಹೋಗುವ ದಾರಿಯಲ್ಲಿ ನಮ್ಮ ಊರು. ಊರಿನ ನಡುವೆ ಒಂದಕ್ಕೊಂದು ಗೋಡೆ ಹಚ್ಚಿ ನಿಂತ ಏಳು ವಾಡೆಗಳ ಓಣಿ. ಕಿತ್ತೂರಿನ ಕೋಟೆ ಬಿದ್ದ ಮೇಲೆ ಅಲ್ಲಿಂದ ಸರಿದು ಬಂದ ಮನೆತನಗಳು ಕಟ್ಟಿಸಿದವು ಎಂದು ಹಿರಿಯರು ಹೇಳುತ್ತಿದ್ದರು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ಕಂಬದ ತಲೆಯಲ್ಲಿ ಕೆತ್ತಿದ ಗಿಳಿ, ನಡುಮನೆಗೆ ಮೇಲಿಂದ ಬೆಳಕು ಬಿಡುವ ಬೆಳಕಿಂಡಿ. ಮೂರನೆಯದು ನಮ್ಮದು. ಈಗ ಓಣಿಯ ಬಾಯಿಗೆ 'ಪಾರಂಪರಿಕ ಓಣಿ' ಎಂದು ಕಲ್ಲಿನ ಫಲಕ ನಿಂತಿದೆ. ಅದರಲ್ಲಿ ಏಳು ಮನೆತನಗಳ ಹೆಸರುಗಳಿವೆ. ಈ ಮನೆಗಳನ್ನು ಇಷ್ಟು ಕಾಲ ಬೀಳದಂತೆ ಹಿಡಿದವರ ಹೆಸರಿಲ್ಲ.

ಏಳೂ ವಾಡೆಗಳದು ಮಣ್ಣಿನ ಚಾವಣಿ. ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮೊಳಕಾಲೆತ್ತರ ಮಣ್ಣು. ನಮ್ಮ ಕಡೆ ಇದಕ್ಕೆ ಮಾಳಿಗೆ ಅನ್ನುತ್ತಾರೆ. ಮುಂಗಾರಿಗೆ ಮೊದಲು ಪ್ರತಿವರ್ಷ ಅದರ ಹುಲ್ಲು ಕಿತ್ತು, ಬಿರುಕು ತುಂಬಿ, ಹಾಳೂರ ದಿಬ್ಬದ ಬಿಳಿಮಣ್ಣು ಹರವಿ, ನೀರು ಚಿಮುಕಿಸಿ ಕೊಡತಿಯಿಂದ ಬಡಿಯಬೇಕು. ಒಂದು ವರ್ಷ ತಪ್ಪಿದರೆ ಸೋರುತ್ತದೆ, ಮೂರು ವರ್ಷ ತಪ್ಪಿದರೆ ಮನೆಯೇ ಇಲ್ಲ. ಈ ಕೆಲಸ ಓಣಿಯ ಹಿಂದಿನ ಕೇರಿಯ ಒಂದೇ ಮನೆಯವರದು. ನನ್ನ ಕಾಲಕ್ಕೆ ಅದನ್ನು ಮಾಡುತ್ತಿದ್ದವರು ಒಬ್ಬ ಹೆಂಗಸು. ಗಂಡ ಸತ್ತ ಮೇಲೆ ಅವನ ಕೆಲಸ ಹಿಡಿದು ಮಾಳಿಗೆ ಏರಿದವರು. ಊರೆಲ್ಲ ಅವರನ್ನು ಮಾಳಿಗೆ ಆಯಿ ಎಂದೇ ಕರೆಯುತ್ತಿತ್ತು.

ಅವರ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಇದನ್ನು ಬರೆಯುತ್ತೇನೆಂದಾಗ ಅವರ ಮೊಮ್ಮಗಳು ಹೇಳಿದ್ದು ಒಂದೇ ಮಾತು: "ನಿಮ್ಮ ಕಲ್ಲಿನ ಮ್ಯಾಲೆ ಬರೀಲಿಲ್ಲ. ಈಗ ಕಾಗದದ ಮ್ಯಾಲೂ ಬ್ಯಾಡ್ರಿ ಅಕ್ಕೋರ."

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಕೂಸಾಗಿದ್ದಾಗಿನಿಂದ ನಾನು ಅವರನ್ನು 'ನೀ' ಎನ್ನುತ್ತಿದ್ದೆ, ಅವರು ನನ್ನನ್ನು 'ಸಣ್ಣವ್ವಾರ' ಎನ್ನುತ್ತಿದ್ದರು. ಇಲ್ಲಿ 'ಅವರು' ಎಂದು ಬರೆಯುತ್ತಿರುವುದು ನನ್ನ ದೊಡ್ಡತನವಲ್ಲ. ತಡವಾಗಿ ತಿದ್ದಿಕೊಂಡ ಕಾಗುಣಿತ, ಅಷ್ಟೇ.

ಮಾಳಿಗೆಗೆ ನಮ್ಮ ಪಡಸಾಲೆಯಿಂದಲೇ ಕಲ್ಲಿನ ಮೆಟ್ಟಿಲುಗಳಿದ್ದವು. ಆಯಿ ಅವುಗಳ ಮೇಲೆ ಕಾಲಿಡಲಿಲ್ಲ. ಹಿತ್ತಲ ಗೋಡೆಗೆ ಬಿದಿರಿನ ಏಣಿ ಒರಗಿಸಿ, ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು, ಒಂದು ಕೈಯಲ್ಲಿ ಏಣಿ ಹಿಡಿದು ಏರುತ್ತಿದ್ದರು. ನಮ್ಮ ಮನೆಯ ಒಂದೊಂದು ತೊಲೆಯೂ ಅವರಿಗೆ ಮೇಲಿಂದ ಗೊತ್ತು. ಯಾವ ತೊಲೆಗೆ ಹುಳ ಹಿಡಿದಿದೆ, ಯಾವ ಹಲಗೆ ಬಾಗಿದೆ ಎಂಬುದನ್ನು ಕೊಡತಿಯ ಸಪ್ಪಳದಿಂದಲೇ ಹೇಳುತ್ತಿದ್ದರು. ಅದೇ ತೊಲೆಗಳನ್ನು ಕೆಳಗೆ ನಿಂತು ತಲೆಯೆತ್ತಿ ಅವರು ಒಮ್ಮೆಯೂ ನೋಡಲಿಲ್ಲ.

ಒಂದು ಬೇಸಿಗೆ ನಾನು ಒಳಗಿನ ಮೆಟ್ಟಿಲಿಂದ ಮೇಲೇರಿ ಹೋಗಿದ್ದೆ. ಆಯಿ ಆಗಷ್ಟೇ ಹರವಿದ ಹಸಿ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಡಿಯುತ್ತಿದ್ದರು. ಮಣ್ಣಿನ ಕೆಳಗಿಂದ ಹಸಿ ಬೇವಿನ ಕಹಿ ವಾಸನೆ ಏಳುತ್ತಿತ್ತು. ನನ್ನನ್ನು ಕಂಡು ನಕ್ಕರು.

"ಸಣ್ಣವ್ವಾರ, ಇಲ್ಲಿ ಕಿವಿ ಹಚ್ರಿ. ನಾ ಬಡೀತೇನಿ, ನೀವು ಹೇಳ್ರಿ, ಗಟ್ಟಿ ಐತೋ ಟೊಳ್ಳ ಐತೋ."

ನಾನು ಮಣ್ಣಿಗೆ ಕಿವಿ ಹಚ್ಚಿದೆ. ಅವರು ಬಡಿದರು. ಒಂದೆರಡು ಸಲ ತಪ್ಪು ಹೇಳಿದೆ, ಮೂರನೆಯ ಸಲ ಸರಿ ಹೇಳಿದೆ. "ಶಾಣ್ಯಾ ಅದೀರಿ," ಎಂದರು. ಅಷ್ಟರಲ್ಲಿ ಅಜ್ಜಿ ಬೆಳಕಿಂಡಿಯ ಕೆಳಗೆ ನಿಂತು ಚೀರಿದಳು. ನನ್ನನ್ನು ಇಳಿಸಿ ಹಿತ್ತಲಲ್ಲೇ ತಲೆಯ ಮೇಲೆ ನೀರು ಸುರಿದಳು. ಮೇಲೆ ಕೊಡತಿಯ ಸಪ್ಪಳ ಸ್ವಲ್ಪ ಹೊತ್ತು ನಿಂತಿತ್ತು... ಆಮೇಲೆ ಮತ್ತೆ ಶುರುವಾಯಿತು. ಆ ನಡುವಿನ ಹೊತ್ತಿನಲ್ಲಿ ಆಯಿ ಏನು ಮಾಡುತ್ತಿದ್ದರೋ. ಕೇಳುವ ಧೈರ್ಯ ನನಗೆ ಕಡೆಯವರೆಗೂ ಬರಲಿಲ್ಲ.

ನಾನು ಓದಿ, ಸವದತ್ತಿಯಲ್ಲಿ ಹೈಸ್ಕೂಲು ಶಿಕ್ಷಕಿಯಾಗಿ, ಅಲ್ಲಿಯೇ ಮನೆ ಮಾಡಿದೆ. ಊರಲ್ಲಿ ಅಣ್ಣ ವಾಡೆ ನೋಡಿಕೊಂಡಿದ್ದ. ಆಯಿಯ ಮಗ ಬಸ್ಸಿನ ಕಂಡಕ್ಟರ್ ಆದ. ಕೇರಿಯ ಬಹಳ ಮನೆಗಳಂತೆ ಅವರ ಮನೆಯೂ ಬುದ್ಧನ ದಾರಿ ಹಿಡಿಯಿತು. ಮೊಮ್ಮಗಳು ನರ್ಸಿಂಗ್ ಓದಿ ರಾಮದುರ್ಗದಲ್ಲಿ ಕೆಲಸಕ್ಕೆ ಸೇರಿದಳು. ಮಗ 'ಸಾಕು ಬಿಡವ್ವ' ಎಂದರೂ ಆಯಿ ಕೊಡತಿ ಬಿಡಲಿಲ್ಲ. ಕೈಯಲ್ಲಿನ ವಿದ್ಯೆ, ಸುಮ್ಮನೆ ಹೇಗೆ ಬಿಡಲಿ ಎನ್ನುತ್ತಿದ್ದರಂತೆ.

ಮಲಪ್ರಭೆ ಉಕ್ಕಿದ ಆ ವರ್ಷ ಪಂಚಮಿಗೆಂದು ನಾನು ಊರಿಗೆ ಹೋಗಿದ್ದೆ. ಮಳೆ ಹಿಡಿದದ್ದು ಬಿಡಲೇ ಇಲ್ಲ. ಐದನೆಯ ದಿನ ನಮ್ಮ ನಡುಮನೆಯಲ್ಲಿ ತೊಲೆಯಿಂದ ನೀರು ಹಗ್ಗದಂತೆ ಇಳಿಯತೊಡಗಿತು. ಹಿತ್ತಲ ಗೋಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಅಣ್ಣ ಕೇರಿಗೆ ಓಡಿದ. ಎಪ್ಪತ್ತು ದಾಟಿದ ಆಯಿ ಸೊಸೆಯನ್ನೂ ರಜೆಗೆ ಬಂದಿದ್ದ ಮೊಮ್ಮಗಳನ್ನೂ ಕರೆದುಕೊಂಡು ಬಂದು, ಸುರಿಯುವ ಮಳೆಯಲ್ಲಿ ಅದೇ ಬಿದಿರೇಣಿ ಏರಿದರು. ಮಾಳಿಗೆಯ ನೀರು ಹೊರಬೀಳುವ ಕಲ್ಲಿನ ದೋಣಿ ಕಟ್ಟಿಕೊಂಡು ಮೇಲೆ ಕೆರೆ ನಿಂತಿತ್ತು. ಆಯಿ ಮೊಳಕೈ ತನಕ ಕೈ ತೂರಿಸಿ ಕಸ ಎಳೆದು ತೆಗೆದರು. ನಮ್ಮದು ಮುಗಿಸಿ ಪಕ್ಕದ ಮಾಳಿಗೆ, ಅಲ್ಲಿಂದ ಅದರ ಪಕ್ಕದ್ದು. ಏಳೂ ವಾಡೆಗಳ ಮೇಲೆ ಮಳೆಯಲ್ಲಿ ತೆವಳಿ ನೀರಿಗೆ ದಾರಿ ಮಾಡಿಕೊಟ್ಟರು.

ಐದನೆಯ ಮಾಳಿಗೆಯ ಮೇಲಿದ್ದಾಗ ಕೇರಿಯಿಂದ ಒಬ್ಬ ಹೆಂಗಸು ಓಡಿ ಬಂದಳು. ನಾನು ಓಣಿಯಲ್ಲಿ ಛತ್ರಿ ಹಿಡಿದು ನಿಂತಿದ್ದೆ.

"ಆಯೀ, ನಿನ್ನ ಮನಿ ಬಿತ್ತ!"

ಮೇಲಿಂದ ಆಯಿ ಕೇಳಿದರು: "ಒಳಗ ಯಾರರ ಇದ್ರೇನ?"

"ಯಾರೂ ಇಲ್ಲ. ಆಡ ಬಿಚ್ಚಿ ಹೊರಗ ತಂದೇವಿ."

ಮೇಲಿಂದ ಕಸ ಎಳೆದು ಒಗೆದ ಸದ್ದು. ಆಮೇಲೆ ಆಯಿಯ ದನಿ: "ಹಂಗಾರ ಇನ್ನೆರಡು ಅದಾವ. ಮುಗಿಸೇ ಬರ್ತೇನಿ."

ಅವರ ಮನೆಯೂ ನಮ್ಮ ವಾಡೆಗಳಷ್ಟೇ ಹಳೆಯದು. ಅದೇ ದಿಬ್ಬದ ಮಣ್ಣು, ಅದೇ ಬೇವಿನ ಸೊಪ್ಪು. ನಮ್ಮ ಮಾಳಿಗೆಗಳು ಉಳಿದವು. ಹಿತ್ತಲ ಗೋಡೆ ಮಾತ್ರ ಮರುದಿನ ಕುಸಿಯಿತು. ಅಣ್ಣ ಕೈಮುಗಿದು, "ದೇವರ ಬಂದಂಗ ಬಂದಿ ಆಯಿ," ಎಂದ. ಅಂಥ ದೇವರಿಗೆ ಮಳೆ ನಿಲ್ಲುವವರೆಗೆ ಒಳಗೆ ಇರಿ ಎನ್ನಲು ಏಳು ವಾಡೆಗಳಲ್ಲಿ ಒಂದಕ್ಕೂ ಬಾಯಿ ಬರಲಿಲ್ಲ. ಬೀಗ ಜಡಿದ ಕೋಣೆಗಳು ನಮ್ಮಲ್ಲೇ ಇದ್ದವು. ಅವರ ಕುಟುಂಬ ಶಾಲೆಯ ಕಟ್ಟೆಯ ಮೇಲೆ ಮಲಗಿತು. ನಾನು ಅನ್ನ ಸಾರು ಕಳಿಸಿದೆ. ಅದನ್ನು ದೊಡ್ಡ ಉಪಕಾರ ಎಂದುಕೊಂಡಿದ್ದೆ ಎಂಬುದನ್ನೂ ಬರೆದುಬಿಡುತ್ತೇನೆ.

ಮಳೆ ಹೋದ ಮೇಲೆ ಆಯಿ ಬಿದ್ದ ಮನೆಯ ಮಣ್ಣನ್ನೇ ಕಲಸಿ ಮತ್ತೆ ಗೋಡೆ ಎತ್ತಿದರು. ಎದೆಯೆತ್ತರ ಬಂದಾಗ ಮೇಲೆ ತಗಡು ಹಾಕಿಕೊಂಡು ಒಳಗೆ ಸೇರಿದರು. ಉಳಿದದ್ದು ನಿಧಾನಕ್ಕೆ ಏಳಿಸೋಣ ಎಂದು.

ಅದಾದ ಮೇಲೆ ಓಣಿಯ ವಾಡೆಗಳನ್ನು ಕಾಯ್ದಿಡಲು ಒಂದು ಸಮಿತಿ ಆಯಿತು. ಅಣ್ಣ ಅದರಲ್ಲಿ ಮುಂದಾಳು. ಏಳೂ ಮನೆಗಳ ಹಕ್ಕುದಾರರು ಒಪ್ಪಿಗೆ ಕೊಡಬೇಕಿತ್ತು. ಅಣ್ಣ ಸವದತ್ತಿಗೆ ಬಂದು, ಚಹಾ ಕುಡಿಯುತ್ತ, ಕಾಗದದ ಕಟ್ಟು ಮುಂದಿಟ್ಟ. "ಎಲ್ಲಾರೂ ಸಹಿ ಮಾಡ್ಯಾರ. ಇಲ್ಲೊಂದು, ಇಲ್ಲೊಂದು." ನಾನು ಮಾಡಿದೆ. ನಮ್ಮ ಮನೆ ಉಳಿಯುತ್ತದೆ ಎಂದು ಖುಷಿಯಾಗಿ ಮಾಡಿದೆ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಆಯಿ. ಮುನವಳ್ಳಿ ಮೇಲೆ ಎರಡು ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿದ ಕಾಗದಗಳು.

"ಒಳಗ ಬರ್ರಿ ಆಯಿ," ಎಂದೆ. ಆ 'ರಿ' ನನ್ನ ಬಾಯಿಂದ ಅವತ್ತೇ ಮೊದಲು ಹೊರಟದ್ದು.

ಅವರು ಮೆಟ್ಟಿಲ ಮೇಲೆ ಕುಳಿತರು. "ಮೊದಲ ಇದನ್ನ ಓದ್ರಿ ಅಕ್ಕೋರ. ಒಳಗ ಆಮ್ಯಾಲೆ. ಜಾಗಾ ಬಿಡ್ರಿ ಅಂತ ನೋಟೀಸ್ ಕೊಟ್ಟಾರ. ಜೋಡಿ ಈ ನಕ್ಷೆ ಕೊಟ್ಟಾರ. ಇದರಾಗ ನನ್ನ ಮನಿ ಎಲ್ಲೈತಿ, ತೋರಸ್ರಿ."

ನಾನು ನಕ್ಷೆ ಬಿಡಿಸಿದೆ. ಏಳು ವಾಡೆಗಳಿಗೆ ಏಳು ಚೌಕ, ಒಂದೊಂದರಲ್ಲಿ ಹೆಸರು. ನಮ್ಮ ಹಿತ್ತಲಿನಾಚೆ, ಅವರ ಮನೆ ಇರಬೇಕಾದಲ್ಲಿ, ಗೆರೆ ಹಾಕಿ ವಾಹನ ನಿಲುಗಡೆ ಎಂದು ಬರೆದಿದ್ದರು. ಕೆಳಗೆ ನಾಲ್ಕು ದಿಕ್ಕಿನ ಚೆಕ್ಕುಬಂದಿಯ ವಿವರ. ಓದಿದೆ: "ಪೂರ್ವಕ್ಕೆ ಖಾಲಿ ಜಾಗ."

"ಇನ್ನೊಮ್ಮೆ ಓದ್ರಿ."

"ಪೂರ್ವಕ್ಕೆ... ಖಾಲಿ ಜಾಗ."

"ಹೂಂ. ಇದು ಖರೇ ಅಂತ ಯಾರ ಯಾರ ಸಹಿ ಮಾಡ್ಯಾರ, ಓದ್ರಿ."

ನಾನು ಓದುತ್ತ ಹೋದೆ. ಮೊದಲನೆಯ ವಾಡೆಯವರು, ಎರಡನೆಯವರು, ಆಮೇಲೆ ಅಣ್ಣ. ಅಣ್ಣನ ಕೆಳಗಿನ ಸಹಿಗೆ ಬಂದು ನಿಂತೆ.

"ಯಾಕ ನಿಂತ್ರಿ?"

"ಇದು... ನಂದು."

ಆಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಕೇಳಿದರು: "ಓದಿ ಮಾಡಿದ್ರೋ, ಓದಲಾರದ ಮಾಡಿದ್ರೋ?"

"ಓದಲಿಲ್ಲ ಆಯಿ."

"ನನಗ ಓದಾಕ ಬರೂದಿಲ್ಲ. ಅದಕ್ಕ ನಾ ಹೆಬ್ಬೆಟ್ಟ ಒತ್ತೂದಕ್ಕಿಂತ ಮೊದಲ ಮೂರು ಮಂದಿ ಕಡೆ ಓದಸ್ತೇನಿ. ನಿಮಗ ಓದಾಕ ಬರ್ತೈತಿ. ಅದಕ್ಕ ಓದಂಗಿಲ್ಲೇನ್ರಿ?"

ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದರು. ನೀರಾದರೂ ಕುಡಿಯಿರಿ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದರು. ಬಿಸಿಲಲ್ಲಿ ನಡೆದು ತಿರುವಿನಲ್ಲಿ ಮರೆಯಾದರು.

ಅಣ್ಣನಿಗೆ ಫೋನ್ ಮಾಡಿದೆ. "ಗ್ವಾಡಿ ಬಿದ್ದ ಮ್ಯಾಲೆ ಅದಕ್ಕ ಮನಿ ಅಂತಾರೇನ? ಬಂದ ಮಂದಿ ಗಾಡಿ ಎಲ್ಲಿ ನಿಲ್ಲಸಬೇಕ? ನಿನಗ್ಯಾಕ ಬೇಕ ಈ ಉಸಾಬರಿ?" ಎಂದ. ನಮ್ಮ ಹಿತ್ತಲ ಗೋಡೆಯೂ ಅದೇ ಮಳೆಗೆ ಬಿದ್ದಿತ್ತು. ಅದನ್ನು ಸಮಿತಿಯೇ ಮೊದಲಿನಂತೆ ಮಣ್ಣಿನಲ್ಲೇ ಎತ್ತಿಸಿ 'ಜೀರ್ಣೋದ್ಧಾರ' ಎಂದು ಬರೆದುಕೊಂಡಿತು. ಆಯಿ ತಾವೇ ಎತ್ತಿದ ಗೋಡೆ ಖಾಲಿ ಜಾಗವಾಯಿತು. ಇದನ್ನು ಅಣ್ಣನಿಗೆ ಹೇಳಿದೆ. ಅವನು ಫೋನ್ ಇಟ್ಟ. ನಾನು ಪರೀಕ್ಷೆಯ ಪೇಪರು ತಿದ್ದಲು ಕುಳಿತೆ. ಒಂದು ಅರ್ಜಿ ಬರೆಯಲಿಲ್ಲ, ಊರಿಗೆ ಹೋಗಲಿಲ್ಲ. ಮನೆತನದ ಜಗಳ ಬೀದಿಗೆ ಬರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಮನೆತನ!

ಆ ವರ್ಷ ಆಯಿ ಮಾಳಿಗೆ ಏರಲಿಲ್ಲ. ಹಿಂದಿನ ವರ್ಷ ನಮ್ಮ ಮಾಳಿಗೆಯ ಮೇಲಿಟ್ಟಿದ್ದ ಕೊಡತಿಯನ್ನು ಕೇಳಲೂ ಬರಲಿಲ್ಲ. ಮುಂಗಾರು ಹತ್ತಿರ ಬಂದಾಗ ಅಣ್ಣನೇ ತಗಡಿನ ಮನೆಯ ಮುಂದೆ ಹೋಗಿ ನಿಂತನಂತೆ. ಇದನ್ನು ಹೇಳಿದವಳು ಮೊಮ್ಮಗಳು.

"ಆಯಿ, ಮಣ್ಣ ಹಾಕಾಕ ಯಾವಾಗ ಬರ್ತಿ?"

ಆಯಿ ಒಳಗಿಂದಲೇ ಉತ್ತರ ಕೊಟ್ಟರಂತೆ: "ಖಾಲಿ ಜಾಗದಾಗ ಯಾರದಾರ್ರೀ ಧಣ್ಯಾರ? ಯಾರನ್ನ ಕರ್ಯಾಕ ಬಂದೀರಿ?"

ಅಣ್ಣ ಹಿಂದಿರುಗಿದ. ಸಮಿತಿ ಬೇರೆ ಊರಿನ ಗುತ್ತಿಗೆದಾರನನ್ನು ಕರೆಸಿ ಏಳೂ ಮಾಳಿಗೆಗಳ ಮಣ್ಣಿನ ಮೇಲೆ ಸಿಮೆಂಟು ಬಳಿಸಿತು. ಈಗ ನೀರು ಮೇಲಿಂದ ಸೋರುವುದಿಲ್ಲ, ಒಳಗೇ ಕುಳಿತು ತೊಲೆ ತಿನ್ನುತ್ತಿದೆ. ನಡುಮನೆಯ ಎರಡು ತೊಲೆಗಳಿಗೆ ಬೂಷ್ಟು ಹಿಡಿದಿದೆ. ಅದು ಕಾಣದಂತೆ ವಾರ್ನಿಷು ಬಳಿದಿದ್ದಾರೆ. ಇವರು ಕಾಯ್ದಿಡುವ ರೀತಿ ಇದು.

ಜೆಸಿಬಿ ಬಂದ ದಿನ ಮಗ ಡ್ಯೂಟಿಯ ಮೇಲಿದ್ದ, ಮೊಮ್ಮಗಳು ರಾಮದುರ್ಗದಲ್ಲಿದ್ದಳು. ಆಯಿ ಪಾತ್ರೆಗಳನ್ನೂ ಫೋಟೋಗಳನ್ನೂ ತಾವೇ ಹೊರಗಿಟ್ಟು ಬೇವಿನ ಗಿಡದ ಕೆಳಗೆ ಕುಳಿತರಂತೆ. ಆಮೇಲೆ ಮಗನ ಜೊತೆ ಬೈಲಹೊಂಗಲದ ಬಾಡಿಗೆ ಮನೆಗೆ ಹೋದರು. ಅಲ್ಲಿ ಆರ್‌ಸಿಸಿ ಚಾವಣಿ. 'ಇದನ್ನ ಬಡದರ ಏನೂ ಕೇಳ್ಸೂದಿಲ್ಲ' ಎನ್ನುತ್ತಿದ್ದರಂತೆ. ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ಹದಿನೈದು ದಿನಗಳ ಮೇಲೆ. ಹೇಳಿ ಕಳಿಸಲು ನಾನು ಯಾರು?

ಗಾಜಿನ ಪೆಟ್ಟಿಗೆಯ ಮುಂದೆ ನಿಂತ ದಿನ ನನಗೆ ಸಿಟ್ಟು ನೆತ್ತಿಗೇರಿತು. ಅಣ್ಣನನ್ನು ಎಲ್ಲರೆದುರೇ ಕೇಳಿದೆ: "ಇದು ಯಾರ ಕೊಡುಗಿ? ಯಾರ ಕೊಟ್ರು?" ಅವನು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು, "ಮಂದಿ ಅದಾರ," ಎಂದ. ಹೌದು, ಮಂದಿ ಇದ್ದರು. ಕೈ ಕೊಡವಿಕೊಂಡು ಹೊರಬಿದ್ದವಳು ನೇರ ರಾಮದುರ್ಗಕ್ಕೆ ಹೋದೆ. ಆಯಿ ಸಾಯುವ ಮುಂಚೆ ಕೊಟ್ಟ ತಕರಾರು ಅರ್ಜಿಯನ್ನು ಮೊಮ್ಮಗಳು ಬಿಟ್ಟಿರಲಿಲ್ಲ, ವಿಚಾರಣೆ ನಡೆದಿತ್ತು. "ನಾನು ಸಾಕ್ಷಿ ಹೇಳ್ತೇನಿ," ಎಂದೆ. ಅವಳು ವಿಚಾರಣೆಯ ತಾರೀಖು ಬರೆದುಕೊಟ್ಟಳು. "ಬರ್ರಿ," ಎಂದಳು.

ಕಳೆದ ತಿಂಗಳು ಬೈಲಹೊಂಗಲದ ಕಚೇರಿಯಲ್ಲಿ ಅಧಿಕಾರಿಯ ಮುಂದೆ ನಿಂತೆ. ಎದುರು ಬೆಂಚಿನಲ್ಲಿ ಅಣ್ಣ, ಸಮಿತಿಯ ವಕೀಲರ ಪಕ್ಕ. ಸಹಿ ನನ್ನದು, ಓದದೆ ಮಾಡಿದ್ದು, ಅಲ್ಲಿ ಮನೆ ಇತ್ತು, ನಮ್ಮ ಮನೆಯಷ್ಟೇ ಹಳೆಯ ಮನೆ, ಅದರಲ್ಲಿ ಜನ ಇದ್ದರು ಎಂದು ಹೇಳಿದೆ. ಜೀವನದಲ್ಲಿ ಒಂದು ಸಲವಾದರೂ ನೆಟ್ಟಗೆ ನಿಂತೆ ಎನ್ನಿಸಿತು.

ವಕೀಲರು ಎದ್ದರು. ಬಹಳ ಮರ್ಯಾದೆಯಿಂದ ಮಾತಾಡಿದರು.

"ಅಕ್ಕೋರ, ಆ ಮನಿ ನೋಡೀರಿ?"

"ದಿನಾ ನೋಡೇನಿ. ನಮ್ಮ ಮಾಳಿಗಿ ಮ್ಯಾಲಿಂದ ಕಾಣ್ತಿತ್ತು."

"ಒಳಗ ಖೋಲಿ ಎಷ್ಟಿದ್ದುವು?"

"ಅದು ಮ್ಯಾಲಿಂದ ಕಾಣ್ತಿರಲಿಲ್ಲ."

"ಒಲಿ ಯಾವ ಮೂಲ್ಯಾಗಿತ್ತು?"

"ಗೊತ್ತಿಲ್ಲ."

"ಒಮ್ಮೆರ ಆ ಮನಿಯೊಳಗ ಹೋಗೀರೇನ್ರಿ?"

"ಇಲ್ಲ."

"ಹುಟ್ಟಿ ಬೆಳದದ್ದು ಅದೇ ಊರಾಗ ಹೌದಲ್ರಿ?"

"ಹೌದು."

"ಸಾಕು ಸಾಹೇಬ್ರ," ಎಂದು ಕುಳಿತರು. ಅಣ್ಣ ನೆಲ ನೋಡುತ್ತಿದ್ದ. ಅವನಿಗೂ ಉತ್ತರ ಗೊತ್ತಿರಲಿಲ್ಲ. ಏಳು ವಾಡೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಧಿಕಾರಿ ಬರೆದುಕೊಂಡರು: 'ಸಾಕ್ಷಿದಾರರು ಸದರಿ ಮನೆಯ ಒಳಭಾಗವನ್ನು ನೋಡಿರುವುದಿಲ್ಲ.' ಅದು ಸುಳ್ಳಲ್ಲ.

ಹೊರಗೆ ಬಂದು ಮೊಮ್ಮಗಳನ್ನು ಕೇಳಿದೆ: "ಮೊದಲ ಒಂದ ಮಾತ ಹೇಳಬಾರದಾಗಿತ್ತ ನನಗ? ಇಷ್ಟ ಖೋಲಿ, ಇಲ್ಲಿ ಒಲಿ ಅಂತ?"

"ನಾ ಹೇಳಿಕೊಟ್ಟಿದ್ರ ಅದು ನನ್ನ ಸಾಕ್ಷಿ ಆಕ್ಕಿತ್ತ ಅಕ್ಕೋರ. ನಿಮ್ಮ ಸಾಕ್ಷಿ ಇಷ್ಟೇ ಐತಿ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಂಜೆಯ ಪಾಳಿಗೆ ಹೋಗಬೇಕೆಂದು ರಾಮದುರ್ಗದ ಬಸ್ಸು ಹತ್ತಿದಳು.

ಆದೇಶ ಇನ್ನೂ ಬಂದಿಲ್ಲ. ಏನು ಬರುತ್ತದೋ. ನಿನ್ನೆ ಒಬ್ಬಳೇ ಊರಿಗೆ ಹೋಗಿ, ವಾಡೆಗೆ ಹೋಗದೆ, ಹಿಂದಿನ ಆ ಜಾಗಕ್ಕೆ ಹೋದೆ. ಸಿಮೆಂಟಿನ ಇಟ್ಟಿಗೆ ಹಾಸಿದ್ದಾರೆ, ಮೂರು ಪ್ರವಾಸಿ ವ್ಯಾನು ನಿಂತಿದ್ದವು. ಅವುಗಳ ನಡುವೆ ನಡೆದೆ. ಬಾಗಿಲು ಯಾವ ಕಡೆಗಿತ್ತು ಎಂದು ಲೆಕ್ಕ ಹಾಕಲು ನೋಡಿದೆ. ಬೇವಿನ ಗಿಡವಿದ್ದರೆ ತಿಳಿಯುತ್ತಿತ್ತೇನೋ, ಅದನ್ನೂ ಕಡಿದಿದ್ದಾರೆ. ಆಯಿ ಇದ್ದಾಗ ಹತ್ತು ಹೆಜ್ಜೆಯ ದಾರಿ ಇದು. ಒಂದು ಸಲ ಹೋಗಿ ಬಾಗಿಲಲ್ಲಿ ನಿಂತಿದ್ದರೆ ಒಳಗೆ ಬರ್ರಿ ಎನ್ನುತ್ತಿದ್ದರು, ಅದು ನನಗೆ ಖಂಡಿತ ಗೊತ್ತು. ವ್ಯಾನಿನ ಡ್ರೈವರು ಹಾರ್ನ್ ಮಾಡಿ, ಸರೀರಿ ಅಮ್ಮಾ, ಗಾಡಿ ತೆಗೀಬೇಕು ಎಂದ. ಸರಿದು ನಿಂತೆ.